ಕಾಶಿಗೆ ಹೊರಟವರ ಮುಖ ಯಾರ ಫೋನಿನಲ್ಲಿರಬೇಕು?

ಪ್ರಶ್ನೆ: ರೇಷ್ಮೆಗೂಡು, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಬೀದಿಯವರು ಮತ್ತು ನೆಂಟರು ಸೇರಿ 22 ಮಂದಿ ಕಾಶಿಗೆ ಹೊರಟಿದ್ದೇವೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ವಾರಾಣಸಿಗೆ ಹೋಗಿ, ಐದು ದಿನ ಇದ್ದು ಮರಳುವುದೆಂದು ಗೊತ್ತಾಗಿದೆ. ನಮ್ಮ ತಾಯಿಗೆ 71 ವರ್ಷ. ಎರಡು ವರ್ಷದ ಹಿಂದೆ ಅವರ ಎರಡೂ ಮೊಣಕಾಲುಗಳಿಗೆ ಕೃತಕ ಕೀಲು ಹಾಕಿಸಿದ್ದೇವೆ. ಹೊಲದಲ್ಲಿ ನಿಂತು ತಲೆಯ ಮೇಲೆ ಹಾರುವ ವಿಮಾನ ನೋಡಿದ್ದಾರೆಯೇ ಹೊರತು ಅವರು ಇದುವರೆಗೆ ಒಂದನ್ನೂ ಹತ್ತಿದವರಲ್ಲ.

ಪ್ರವಾಸದ ವ್ಯವಸ್ಥೆಯನ್ನು ನಮ್ಮೂರಿನ ಏಜೆಂಟರೊಬ್ಬರಿಗೆ ವಹಿಸಿದ್ದೇವೆ. ಅವರು 22 ಮಂದಿಯ ಆಧಾರ್ ಕಾರ್ಡಿನ ಎರಡೂ ಬದಿಯ ಫೋಟೊಗಳನ್ನು ವಾಟ್ಸಾಪ್ ಗುಂಪಿಗೇ ಹಾಕುವಂತೆ ಕೇಳಿದರು. ಬಹುತೇಕರು ಹಾಕಿಯೂ ಆಯಿತು. ಈಗ ಅವರು, "ವಿಮಾನ ನಿಲ್ದಾಣದಲ್ಲಿ ಡಿಜಿಯಾತ್ರಾ (ಚೀಟಿಯ ಬದಲು ಮುಖ ನೋಡಿ ಒಳಗೆ ಬಿಡುವ ಆಪ್) ಕಡ್ಡಾಯ, ವಯಸ್ಸಾದವರಿಗೆ ಅದು ತಿಳಿಯುವುದಿಲ್ಲ, ಆದ್ದರಿಂದ ಎಲ್ಲರದನ್ನೂ ನನ್ನ ಮತ್ತು ನಮ್ಮ ಹುಡುಗನ ಫೋನುಗಳಲ್ಲಿ ಮಾಡಿಕೊಡುತ್ತೇನೆ, ಒಂದು ಸಂಜೆ ಎಲ್ಲರೂ ಅಂಗಡಿಗೆ ಬಂದು ಮುಖ ತೋರಿಸಿ, ಒಟಿಪಿ ಹೇಳಿ ಹೋಗಿ" ಎನ್ನುತ್ತಿದ್ದಾರೆ. ಮನುಷ್ಯ ಕೆಟ್ಟವರಲ್ಲ. ನಮ್ಮ ತಂದೆಯ ಕಾಲದಿಂದ ಪರಿಚಯ. ಆದರೂ ತಾಯಿಯ ಮುಖವನ್ನೂ ಆಧಾರ್ ಒಟಿಪಿಯನ್ನೂ ಇನ್ನೊಬ್ಬರ ಫೋನಿಗೆ ಒಪ್ಪಿಸಲು ನನಗೆ ಮನಸ್ಸು ಬರುತ್ತಿಲ್ಲ.

ಇದನ್ನು ಹೇಳಿದರೆ ನಮ್ಮಣ್ಣ, "ತಪ್ಪು ಮಾಡದವನಿಗೆ ಯಾವ ಭಯ? ವಿಮಾನ ಸುರಕ್ಷಿತವಾಗಿ ಇಳಿಯಬೇಕೋ ಬೇಡವೋ?" ಎಂದು ಬಾಯಿ ಮುಚ್ಚಿಸುತ್ತಾನೆ. ಸುರಕ್ಷಿತವಾಗಿ ಇಳಿಯಬೇಕೆಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ತಾಯಿಯ ಮುಖ ಏಜೆಂಟರ ಫೋನಿನಲ್ಲಿರುವುದಕ್ಕೂ ವಿಮಾನ ಸರಿಯಾಗಿ ಇಳಿಯುವುದಕ್ಕೂ ಇರುವ ಸಂಬಂಧ ನನಗೆ ಕಾಣುತ್ತಿಲ್ಲ.

ಡಿಜಿಯಾತ್ರಾ ನಿಜಕ್ಕೂ ಕಡ್ಡಾಯವೇ? ಆಧಾರ್ ಬಿಟ್ಟು ಬೇರೆ ಚೀಟಿ ನಡೆಯುತ್ತದೆಯೇ? ಮೊಣಕಾಲಿನ ಲೋಹಕ್ಕೆ ಯಂತ್ರ ಕೂಗಿದಾಗ ತಾಯಿಯನ್ನು ಹೇಗೆ ತಪಾಸಣೆ ಮಾಡುತ್ತಾರೆ? ಮನೆಯಲ್ಲಿ ಅವರು ಆಡುವುದು ತೆಲುಗು, ಹೊರಗೆ ಕನ್ನಡ. ಹಿಂದಿ ಒಂದಕ್ಷರವೂ ಬರುವುದಿಲ್ಲ. ಕೊನೆಯದಾಗಿ, ಸುರಕ್ಷತೆಯ ಹೆಸರಿನಲ್ಲಿ ನಾವು ಎಷ್ಟನ್ನು ಬಿಟ್ಟುಕೊಡುವುದು ನ್ಯಾಯ ಎಂಬುದನ್ನು ತಿಳಿದವರು ಯೋಚಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ರಾತ್ರಿಪಾಳಿ, ಚಿಕ್ಕಬಳ್ಳಾಪುರ

ಅಕ್ಕ, ನಾನು ಆರು ವರ್ಷದಿಂದ ವಿಮಾನ ನಿಲ್ದಾಣದಲ್ಲಿ ಲಗೇಜ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆಯಿಂದ ಪ್ರತಿ ಪಾಳಿಗೂ ಕಂಪನಿ ಬಸ್ಸುಗಳಲ್ಲಿ ಹೆದ್ದಾರಿ ಹಿಡಿದು ಹೋಗುವವರು ಬಹಳ ಜನರಿದ್ದಾರೆ. ಕಾನೂನು ನನಗೆ ತಿಳಿಯದು, ಕಣ್ಣಿಂದ ಕಂಡದ್ದನ್ನು ಹೇಳುತ್ತೇನೆ.

ಡಿಜಿಯಾತ್ರಾ ಕಡ್ಡಾಯವಲ್ಲ. ಅದು 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು ಮತ್ತು ನೀವು ಹೊರಟಿರುವ ವಾರಾಣಸಿ, ಈ ಮೂರು ಕಡೆ ಮೊದಲು ಶುರುವಾಯಿತು. ಮೊದಲ ದಿನದಿಂದಲೂ ಅದು ಇಷ್ಟವಿದ್ದವರಿಗೆ ಮಾತ್ರ ಎಂದೇ ಸರ್ಕಾರ ಹೇಳುತ್ತ ಬಂದಿದೆ. ಬಾಗಿಲಿನಲ್ಲಿ ಸಿಐಎಸ್‌ಎಫ್ (ನಿಲ್ದಾಣ ಕಾಯುವ ಕೇಂದ್ರದ ಭದ್ರತಾ ಪಡೆ) ಸಿಬ್ಬಂದಿ ಚೀಟಿ ನೋಡಿ ಒಳಗೆ ಬಿಡುವ ಸಾಲು ಯಾವಾಗಲೂ ಇರುತ್ತದೆ. ಸಾಲು ಉದ್ದವಿದ್ದರೆ ಸ್ವಲ್ಪ ಹೊತ್ತು ಹೆಚ್ಚು ನಿಲ್ಲಬೇಕಾಗುತ್ತದೆ, ಅಷ್ಟೆ. ನಿಮ್ಮ ತಾಯಿಗೆ ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಬೇಕೆಂದು ಬರೆಸಿ. ನಿಲ್ಲುವ ಕಷ್ಟ ಅಲ್ಲಿಗೇ ತೀರುತ್ತದೆ.

ಚೀಟಿಯ ವಿಷಯಕ್ಕೆ ಬಂದರೆ, ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಅಂದರೆ ಬಿಸಿಎಎಸ್, 2017ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ ಹತ್ತು ಬಗೆಯ ದಾಖಲೆಗಳಿವೆ. ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಆಧಾರ್, ಪಾನ್ ಕಾರ್ಡ್, ಚಾಲನಾ ಪರವಾನಗಿ ಎಲ್ಲವೂ ನಡೆಯುತ್ತವೆ. ಫೋಟೊ ಇರುವ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್ ಕೂಡ ಆ ಪಟ್ಟಿಯಲ್ಲಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಹೆತ್ತವರ ಜೊತೆಗೆ ಬರುವ ಮಕ್ಕಳಿಗೆ ಬೇರೆ ಚೀಟಿ ಕೇಳಬಾರದು ಎಂದೂ ಅದರಲ್ಲಿದೆ. ನಿಮ್ಮ ತಾಯಿಯ ಮತದಾರರ ಚೀಟಿ ಧಾರಾಳವಾಗಿ ಸಾಕು. ಆದರೆ ಟಿಕೆಟಿನಲ್ಲಿರುವ ಹೆಸರು ಅದರಲ್ಲಿರುವಂತೆಯೇ ಇರಲಿ. ನಮ್ಮ ಕಡೆಯ ಹಿರಿಯರ ಹೆಸರುಗಳಲ್ಲಿ ಇನಿಷಿಯಲ್ ಒಂದು ಚೀಟಿಯಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಇರುವುದೇ ಇಲ್ಲ. ಬಾಗಿಲಿನಲ್ಲಿ ತಕರಾರು ಎದ್ದರೆ ಅದು ಬಹುತೇಕ ಇದೇ ಕಾರಣಕ್ಕೆ.

ಡಿಜಿಯಾತ್ರಾ ಇದ್ದರೆ ಮೈ ತಪಾಸಣೆ ತಪ್ಪುತ್ತದೆ ಎಂದು ಏಜೆಂಟರು ಹೇಳಿದ್ದರೆ ಅದೂ ಸುಳ್ಳು. ಮುಖದ ಕ್ಯಾಮೆರಾ ಮಾಡುವುದು ಚೀಟಿ ನೋಡುವವನ ಕೆಲಸವನ್ನು ಮಾತ್ರ. ಚೌಕಟ್ಟಿನ ಯಂತ್ರದೊಳಗೆ ಎಲ್ಲರೂ ಹಾದುಹೋಗಲೇಬೇಕು. ನಿಮ್ಮ ತಾಯಿಯ ಮೊಣಕಾಲಿಗೆ ಅದು ಕೂಗಿಯೇ ಕೂಗುತ್ತದೆ. ಗಾಬರಿಯಾಗಬೇಕಿಲ್ಲ. ಹೆಂಗಸರನ್ನು ಹೆಂಗಸರೇ, ಪರದೆ ಹಾಕಿದ ಮರೆಯೊಳಗೆ ನೋಡುತ್ತಾರೆ. ಆಪರೇಷನ್ ಮಾಡಿದ ವೈದ್ಯರ ಪತ್ರ ಕೈಯಲ್ಲಿದ್ದರೆ ಮಾತು ಕಡಿಮೆಯಾಗುತ್ತದೆ, ಆದರೆ ಪತ್ರ ಇದೆ ಎಂದು ತಪಾಸಣೆ ಬಿಡುವುದಿಲ್ಲ. ಭಾಷೆಯ ಮಾತು ನೀವು ಸರಿಯಾಗಿ ಎತ್ತಿದ್ದೀರಿ. ಒಳಗೆ ಕೇಳಿಬರುವುದು ಹೆಚ್ಚಾಗಿ ಹಿಂದಿ. ನೀವು ತಾಯಿಗಿಂತ ಮೊದಲು ಹೋಗಿ ಆಚೆ ಬದಿ ನಿಂತರೆ ಅವರಿಗೆ ಅರ್ಥವಾಗುವಂತೆ ಕೂಗಿ ಹೇಳಬಹುದು.

ನಿಮಗೆ ಒಂದು ಪಯಣಕ್ಕೆ ಇಷ್ಟು ಯೋಚನೆಯಾದರೆ ನಮ್ಮ ಗತಿ ಕೇಳಿ. ಒಳಗೆ ಕೆಲಸ ಮಾಡುವವರಿಗೆ ಬಿಸಿಎಎಸ್ ಕೊಡುವ ಪ್ರವೇಶ ಪರವಾನಗಿ ಬೇಕು. ಅದಕ್ಕೆ ಮೊದಲು ಪೊಲೀಸರು ನಮ್ಮ ಹಿನ್ನೆಲೆ ವಿಚಾರಿಸುತ್ತಾರೆ, ಬೆರಳಚ್ಚನ್ನೂ ಕೊಡಬೇಕು. ಅದರಲ್ಲಿ ನನಗೆ ಬೇಸರವಿಲ್ಲ, ವಿಮಾನದ ಹೊಟ್ಟೆಯವರೆಗೆ ಹೋಗುವವನನ್ನು ಪರೀಕ್ಷಿಸಲೇಬೇಕು. ಕೆಲಸ ಬಿಟ್ಟ ಮೇಲೆ ಅವೆಲ್ಲ ಏನಾಗುತ್ತವೆ ಎಂದು ಒಮ್ಮೆ ನಮ್ಮ ಮೇಲಿನವರನ್ನು ಕೇಳಿದೆ. ಇದುವರೆಗೆ ಯಾರೂ ಅಂಥದನ್ನು ಕೇಳಿರಲಿಲ್ಲ ಎಂದರು.

ಉತ್ತರ: ಹಳೆಯ ಕಾವಲುಗಾರ, ಚಿಂತಾಮಣಿ

ನಾನು ಭದ್ರತಾ ಪಡೆಯಲ್ಲಿದ್ದು, ಅದರಲ್ಲಿ ಕೆಲವು ವರ್ಷ ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ತಪಾಸಣೆಯನ್ನು ಬೈಯುವುದು ಈಗ ಫ್ಯಾಷನ್ ಆಗಿರುವುದರಿಂದ, ಅದು ಯಾಕೆ ಬಂತೆಂಬುದನ್ನು ಮೊದಲು ಹೇಳಬೇಕೆನಿಸಿತು.

1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡಿನ ಬಳಿ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬು ಇದ್ದದ್ದು ಪ್ರಯಾಣಿಕನ ಕೈಯಲ್ಲಲ್ಲ, ಲಗೇಜಿನಲ್ಲಿ. ಕೆನಡಾದ ವ್ಯಾಂಕೂವರ್‌ನಲ್ಲಿ ಎಂ. ಸಿಂಗ್ ಎಂಬ ಹೆಸರಿನಲ್ಲಿ ಟಿಕೆಟ್ ಪಡೆದವನೊಬ್ಬ ತನ್ನ ಸೂಟ್‌ಕೇಸನ್ನು ಮುಂದಿನ ವಿಮಾನಕ್ಕೆ ಕಳಿಸುವಂತೆ ಒಪ್ಪಿಸಿ, ತಾನು ಮಾತ್ರ ಹತ್ತಲೇ ಇಲ್ಲ. ಅದೇ ದಿನ ಅದೇ ಬಗೆಯ ಇನ್ನೊಂದು ಸೂಟ್‌ಕೇಸು ಜಪಾನಿನ ನರಿಟಾ ವಿಮಾನ ನಿಲ್ದಾಣದಲ್ಲಿ ಸಿಡಿದು ಲಗೇಜ್ ಹೊರುವ ಇಬ್ಬರು ಸತ್ತರು. ಮೇಲಿನ ಉತ್ತರ ಬರೆದ ತಮ್ಮನ ಹಾಗೆಯೇ ಪಾಳಿಗೆ ಬಂದಿದ್ದವರು ಅವರು. ಚೀಲ ಹತ್ತಿದೆಯೆಂದರೆ ಅದರ ಒಡೆಯನೂ ಹತ್ತಿರಬೇಕು, ಇಲ್ಲವಾದರೆ ಚೀಲವನ್ನು ಇಳಿಸಬೇಕು ಎಂಬ ನಿಯಮ ಬಿಗಿಯಾದದ್ದು ಈ ದುರಂತದ ನಂತರವೇ. 1978ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಒಳಗಿನ ಒಂದು ಘಟಕವಾಗಿ ಹುಟ್ಟಿದ ಬಿಸಿಎಎಸ್ 1987ರ ಏಪ್ರಿಲ್‌ನಿಂದ ಸ್ವತಂತ್ರ ಇಲಾಖೆಯಾದದ್ದಕ್ಕೂ ಇದೇ ಹಿನ್ನೆಲೆ. ಇನ್ನು 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ಐಸಿ 814 ವಿಮಾನವನ್ನು ಅಪಹರಿಸಿ ಅಫ್ಘಾನಿಸ್ತಾನದ ಕಂದಹಾರಕ್ಕೆ ಒಯ್ದದ್ದು ನಿಮಗೆಲ್ಲ ನೆನಪಿರಬಹುದು. ಅದಾದ ಮರು ವರ್ಷದಿಂದಲೇ ನಿಲ್ದಾಣಗಳ ಕಾವಲು ರಾಜ್ಯ ಪೊಲೀಸರಿಂದ ಸಿಐಎಸ್‌ಎಫ್‌ಗೆ ಹೋಗತೊಡಗಿತು, ಮೊದಲನೆಯದು ಜೈಪುರ.

ಆದ್ದರಿಂದ ಹೆಸರು ಕೇಳುವುದಕ್ಕೆ ಅರ್ಥವಿದೆ. ಆದರೆ ನನ್ನ ಅನುಭವದಲ್ಲಿ ಆ ಅರ್ಥ ಬಹಳ ಸಣ್ಣದು. ಈ ಚೀಲ ಈ ಮನುಷ್ಯನದು, ಈ ಟಿಕೆಟ್ ಈ ಮನುಷ್ಯನದು ಎಂದು ಗಂಟು ಹಾಕಿದರೆ ಹೆಸರಿನ ಕೆಲಸ ಮುಗಿಯಿತು. ಅದಕ್ಕಿಂತ ಹೆಚ್ಚಿನದನ್ನು ಚೀಟಿಯಿಂದ ನಿರೀಕ್ಷಿಸುವವರು ಮೋಸಹೋಗುತ್ತಾರೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ವಿಮಾನ ಅಪಹರಿಸಿದವರಲ್ಲಿ ಬಹುಪಾಲು ಜನರ ಬಳಿ ಗುರುತಿನ ಚೀಟಿಗಳಿದ್ದವು. ಅವರನ್ನು ತಡೆಯಬಹುದಾಗಿದ್ದದ್ದು ಕೈಯಲ್ಲಿದ್ದ ಆಯುಧವನ್ನು ಹಿಡಿಯುವ ತಪಾಸಣೆ ಮತ್ತು ಒಳಗಿನಿಂದ ಭದ್ರವಾಗಿ ಮುಚ್ಚಿದ ಪೈಲಟ್ ಕೋಣೆಯ ಬಾಗಿಲು. ಮನುಷ್ಯನ ಮನಸ್ಸಿನಲ್ಲಿರುವುದನ್ನು ಯಾವ ಚೀಟಿಯೂ ಹೇಳದು. ಚೀಲದಲ್ಲಿರುವುದನ್ನು ಎಕ್ಸ್‌ರೇ ಹೇಳುತ್ತದೆ. ಮೈ ಮತ್ತು ಚೀಲ ಹುಡುಕುವುದನ್ನು ಎಷ್ಟು ಬಿಗಿ ಮಾಡಿದರೂ ನನ್ನ ತಕರಾರಿಲ್ಲ, ಏಕೆಂದರೆ ಅದು ಅಲ್ಲಿಗೇ ಮುಗಿಯುತ್ತದೆ. ನಾವು ದಿನಕ್ಕೆ ಸಾವಿರಾರು ಚೀಟಿ ನೋಡುತ್ತಿದ್ದೆವು. ಸಂಜೆ ಕೋಣೆಗೆ ಬಂದರೆ ಒಂದು ಮುಖವೂ ನೆನಪಿರುತ್ತಿರಲಿಲ್ಲ. ನೋಡಿ ಮರೆಯುವ ಕಾವಲುಗಾರನಿಂದ ಯಾರ ಖಾಸಗಿತನಕ್ಕೂ ಅಪಾಯವಿಲ್ಲ. ಈಗ ಬಂದಿರುವ ಯಂತ್ರಗಳು ಮರೆಯುತ್ತವೆಯೇ ಎಂಬುದನ್ನೇ ನಾವು ಕೇಳಬೇಕಾದದ್ದು.

ಅಮ್ಮಾ, ನಿಮ್ಮ ತಾಯಿಯವರ ವಿಷಯ. ಗಾಲಿಕುರ್ಚಿಯಲ್ಲಿ ಬಂದವರನ್ನು, ಕೃತಕ ಕಾಲು ಇರುವವರನ್ನು ಒರಟಾಗಿ ನಡೆಸಿಕೊಂಡ ಪ್ರಸಂಗಗಳು ನಡೆದಿವೆ, ಇಲ್ಲವೆನ್ನಲಾರೆ. 2021ರಲ್ಲಿ ನೃತ್ಯಗಾತಿ, ನಟಿ ಸುಧಾ ಚಂದ್ರನ್ ಅವರು ಪ್ರತಿ ಬಾರಿಯೂ ತಮ್ಮ ಕೃತಕ ಕಾಲನ್ನು ಬಿಚ್ಚಿ ತೋರಿಸಲು ಹೇಳುವುದರಿಂದ ಆಗುವ ನೋವನ್ನು ಬಹಿರಂಗವಾಗಿ ಹೇಳಿಕೊಂಡಾಗ ಸಿಐಎಸ್‌ಎಫ್ ಕ್ಷಮೆ ಕೇಳಿತು. ಮೊಣಕಾಲಿನ ಕೀಲು ಮೈಯೊಳಗಿನದು, ಬಿಚ್ಚುವ ಮಾತೇ ಇಲ್ಲ. ಆದರೂ ಎಲ್ಲರೆದುರು ಬೇಡ, ಮರೆಯಲ್ಲಿ ನೋಡಿ ಎಂದು ಕೇಳುವುದು ಅವರ ಹಕ್ಕು. ಕೇಳಲು ಸಂಕೋಚಪಡಬೇಡಿ. ಹಾಗೆ ಕೇಳಿದವರ ಮೇಲೆ ನಾವು ಯಾರೂ ಸಿಟ್ಟಾಗುತ್ತಿರಲಿಲ್ಲ, ಸಾಲಿನಲ್ಲಿ ಹಿಂದೆ ನಿಂತವರು ಮಾತ್ರ ಗೊಣಗುತ್ತಿದ್ದರು.

ಒಂದು ಸಣ್ಣ ಮಾತು: ಪೂಜೆಗೆಂದು ಒಣ ಕೊಬ್ಬರಿ ಕಟ್ಟಿಕೊಂಡು ಹೋಗಬೇಡಿ. ಎಣ್ಣೆಯಂಶದಿಂದ ಬೆಂಕಿ ಹಿಡಿಯುವ ವಸ್ತುವೆಂದು ಅದನ್ನು ಲಗೇಜಿನಿಂದ ತೆಗೆಸುತ್ತಾರೆ.

ಉತ್ತರ: ವಾರಕ್ಕೆರಡು ವಿಮಾನ, ಬಾಗೇಪಲ್ಲಿ

ನಾನು ಕೆಲಸದ ನಿಮಿತ್ತ ವಾರವಾರ ದೆಹಲಿಗೆ ಹೋಗಿಬರುವವನು, ಡಿಜಿಯಾತ್ರಾ ಬಂದ ಮೊದಲ ವರ್ಷದಿಂದ ಬಳಸುತ್ತಿದ್ದೇನೆ. ಇಲ್ಲಿ ಅದನ್ನು ಗುಮ್ಮನಂತೆ ಚಿತ್ರಿಸುವುದು ಸರಿಯಲ್ಲ. ಅದರ ವಿನ್ಯಾಸದ ಪ್ರಕಾರ ನನ್ನ ಮುಖದ ಗುರುತು ಮತ್ತು ಆಧಾರಿನಿಂದ ದೃಢಪಟ್ಟ ವಿವರ ಇರುವುದು ನನ್ನ ಫೋನಿನಲ್ಲೇ. ಪ್ರಯಾಣದ ದಿನ ಬೋರ್ಡಿಂಗ್ ಪಾಸಿನ ಜೊತೆಗೆ ನಾನಾಗಿ ಕಳಿಸಿದಾಗ ಮಾತ್ರ ಅದು ಆ ನಿಲ್ದಾಣಕ್ಕೆ ಹೋಗುತ್ತದೆ, ವಿಮಾನ ಹೊರಟ 24 ಗಂಟೆಯೊಳಗೆ ಅಲ್ಲಿಂದ ಅಳಿಸಿಹೋಗುತ್ತದೆ ಎಂದು ಅವರ ನೀತಿ ಹೇಳುತ್ತದೆ. ನನಗೆ ಇದು ಲಾಡ್ಜಿನವರು ಜೆರಾಕ್ಸ್ ತೆಗೆದು ಮೇಜಿನ ಡ್ರಾಯರಿನಲ್ಲಿ ತುರುಕುವುದಕ್ಕಿಂತ ನೂರು ಪಾಲು ಮೇಲು. ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ಮಂಡಳಿ ಕೂಡ 2024ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣಗಳ ಮುಖ ಗುರುತಿಸುವಿಕೆಯ ಬಗ್ಗೆ ಅಭಿಪ್ರಾಯ ನೀಡುವಾಗ, ಮುಖದ ದತ್ತಾಂಶ ಪ್ರಯಾಣಿಕನ ಕೈಯಲ್ಲೇ ಇರಬೇಕು, ಇಲ್ಲವೇ ಅದನ್ನು ತೆರೆಯುವ ಕೀಲಿಯಾದರೂ ಅವನೊಬ್ಬನ ಕೈಯಲ್ಲೇ ಇರಬೇಕು ಎಂದಿತು.

ಆದರೆ ಇದೇ ಕಾರಣಕ್ಕೆ ನಿಮ್ಮ ಏಜೆಂಟರ ಯೋಜನೆ ತಲೆಕೆಳಗಾದದ್ದು. ಫೋನಿನ ಒಡೆಯನೇ ಮುಖದ ಒಡೆಯ ಎಂಬ ನಂಬಿಕೆಯ ಮೇಲೆ ಕಟ್ಟಿದ ವ್ಯವಸ್ಥೆಯನ್ನು ಅವರು 22 ಜನರ ಮುಖಕ್ಕೆ ಎರಡು ಫೋನು ಎಂದು ಮಾಡುತ್ತಿದ್ದಾರೆ. ಪ್ರಯಾಣ ಮುಗಿದ ಮೇಲೂ ನಿಮ್ಮ ತಾಯಿಯ ಗುರುತು ಆ ಹುಡುಗನ ಫೋನಿನಲ್ಲೇ ಉಳಿಯುತ್ತದೆ. ಆ ಫೋನು ನಾಳೆ ಮಾರಾಟವಾಗುತ್ತದೆ, ಕಳೆದುಹೋಗುತ್ತದೆ, ಇಲ್ಲವೇ ಕೆಲಸ ಬಿಟ್ಟ ಹುಡುಗನ ಜೊತೆ ಹೊರಟುಹೋಗುತ್ತದೆ. ಒಟಿಪಿಯನ್ನಂತೂ ದಯವಿಟ್ಟು ಯಾರಿಗೂ ಹೇಳಬೇಡಿ.

ಉತ್ತರ: ಉತ್ತರ ಪಿನಾಕಿನಿ, ಗೌರಿಬಿದನೂರು

ನಾನು ವಕೀಲೆ. ಬಾಗೇಪಲ್ಲಿಯವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತಲೇ, ಅವರು ಹಗುರವಾಗಿ ದಾಟಿಹೋದ ಒಂದು ಪದದ ಬಳಿ ನಿಲ್ಲುತ್ತೇನೆ. "ಅವರ ನೀತಿ ಹೇಳುತ್ತದೆ" ಎಂದರು. ನೀತಿ ಬೇರೆ, ಕಾನೂನು ಬೇರೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ನೀಡಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಗೆ ಕಾನೂನಿನ ಬಲವೇ ಇಲ್ಲವಲ್ಲ ಎಂಬ ಪ್ರಶ್ನೆ ಹಿಡಿದು ಅವರು ಕೋರ್ಟಿಗೆ ಹೋದರು. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಹೆಸರಿನ ಆ ತೀರ್ಪು ಖಾಸಗಿತನವನ್ನು ಸರ್ಕಾರ ಮುಟ್ಟಲೇಬಾರದು ಎನ್ನಲಿಲ್ಲ. ಮುಟ್ಟುವುದಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶವಿರಬೇಕು, ಮತ್ತು ಮುಟ್ಟುವ ಪ್ರಮಾಣ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂದಿತು.

ಈ ಅಳತೆಗೋಲನ್ನು ನಿಮ್ಮ ಪ್ರಯಾಣಕ್ಕೇ ಹಿಡಿದು ನೋಡಿ. ಚೀಲದ ಎಕ್ಸ್‌ರೇ, ಮೈ ತಪಾಸಣೆ ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತವೆ: ಉದ್ದೇಶ ಸ್ಪಷ್ಟ, ಮುಟ್ಟುವಿಕೆ ಕ್ಷಣಿಕ. ಪೂರ್ಣ ದೇಹದ ಸ್ಕ್ಯಾನರ್ ವಿಷಯದಲ್ಲಿ ಆರಂಭದಲ್ಲಿ ದೊಡ್ಡ ಜಗಳವಾಯಿತು. ಅಮೆರಿಕದಲ್ಲಿ ಬೆತ್ತಲೆ ಮೈಯಂತೆ ಚಿತ್ರ ತೋರಿಸುತ್ತಿದ್ದ ಯಂತ್ರಗಳನ್ನು ಜನರ ಪ್ರತಿಭಟನೆಯ ನಂತರ 2013ರಲ್ಲಿ ನಿಲ್ದಾಣಗಳಿಂದ ತೆಗೆದರು. ಈಗಿನವು ಎಲ್ಲರಿಗೂ ಒಂದೇ ಗೊಂಬೆಯ ರೇಖಾಚಿತ್ರ ತೋರಿಸಿ, ಅನುಮಾನ ಬಂದ ಜಾಗಕ್ಕೆ ಗುರುತು ಹಾಕುತ್ತವೆ, ಅಷ್ಟೆ. ಭದ್ರತೆ ಒಂದಿಷ್ಟೂ ಕಡಿಮೆಯಾಗದೆ ಮಾನ ಉಳಿಯಿತು. ಒಂದು ಬೇಕೆಂದರೆ ಇನ್ನೊಂದನ್ನು ಬಿಡಲೇಬೇಕು ಎನ್ನುವ ನಿಮ್ಮ ಅಣ್ಣನವರಿಗೆ ಇದನ್ನು ಹೇಳಿ.

ಡಿಜಿಯಾತ್ರಾಕ್ಕೆ ಬಂದರೆ ಅಳತೆಗೋಲು ತುಸು ಅಲುಗಾಡುತ್ತದೆ. ಅದಕ್ಕೆಂದೇ ಸಂಸತ್ತು ಮಾಡಿದ ಕಾನೂನು ಇಲ್ಲ. ಅದು ಸಚಿವಾಲಯದ ನೀತಿಯ ಮೇಲೆ ನಿಂತಿದೆ. ಅದನ್ನು ನಡೆಸುವುದು 2019ರಲ್ಲಿ ಸ್ಥಾಪನೆಯಾದ, ಲಾಭದ ಉದ್ದೇಶವಿಲ್ಲದ ಒಂದು ಕಂಪನಿ. ಅದರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ಶೇ. 26; ಉಳಿದದ್ದು ಬೆಂಗಳೂರು, ದೆಹಲಿ, ಹೈದರಾಬಾದ್, ಮುಂಬೈ ಮತ್ತು ಕೊಚ್ಚಿ ನಿಲ್ದಾಣಗಳನ್ನು ನಡೆಸುವ ಕಂಪನಿಗಳದು. 24 ಗಂಟೆಯಲ್ಲಿ ಅಳಿಸುತ್ತೇವೆ ಎಂಬ ಮಾತನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ನೀತಿಯನ್ನು ನಾಳೆ ಬದಲಿಸಲು ಸಂಸತ್ತಿನ ಅಪ್ಪಣೆ ಬೇಕಿಲ್ಲ, ಅದೇ ನನ್ನ ಅಳುಕು.

ಇಟ್ಟುಕೊಳ್ಳುವ ಅವಧಿ ಹೇಗೆ ಬೆಳೆಯಬಹುದೆಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದು ವಿದೇಶಕ್ಕೆ ಹೋಗಿಬರುವವರಿಗೆ ಸಂಬಂಧಿಸಿದ್ದು. 2022ರ ಆಗಸ್ಟ್‌ನಲ್ಲಿ ಬಂದ ನಿಯಮಗಳ ಪ್ರಕಾರ ವಿಮಾನ ಕಂಪನಿಗಳು ಪ್ರತಿ ಪ್ರಯಾಣಿಕನ ಹೆಸರು, ಹಣ ಪಾವತಿಸಿದ ಬಗೆ, ಲಗೇಜು, ಜೊತೆಗಿದ್ದವರು ಹೀಗೆ 19 ಬಗೆಯ ಮಾಹಿತಿಯನ್ನು ವಿಮಾನ ಹೊರಡುವ ಮೊದಲೇ ಕಸ್ಟಮ್ಸ್ ಇಲಾಖೆಗೆ ಕೊಡಬೇಕು. ಇಲಾಖೆ ಅದನ್ನು ಐದು ವರ್ಷ ಇಟ್ಟುಕೊಳ್ಳಬಹುದು. ಅದೇ 2022ರ ಜೂನ್‌ನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ, ಯಾವ ಅನುಮಾನವೂ ಇಲ್ಲದ ಪ್ರಯಾಣಿಕರ ಇಂಥ ಮಾಹಿತಿಯನ್ನು ಆರು ತಿಂಗಳ ನಂತರವೂ ಇಟ್ಟುಕೊಳ್ಳುವುದು ಅತಿಯಾಯಿತು ಎಂದಿತ್ತು. ಎರಡು ಕಡೆಯೂ ಭಯೋತ್ಪಾದನೆಯ ಹೆದರಿಕೆ ಇದೆ. ಎಷ್ಟು ದಿನ ಇಟ್ಟರೆ ಸಾಕು ಎಂಬ ಲೆಕ್ಕ ಮಾತ್ರ ಬೇರೆ ಬೇರೆಯಾಗಿದೆ.

ನಮ್ಮಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ದತ್ತಾಂಶ ಇಟ್ಟುಕೊಳ್ಳುವವರ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಸರ್ಕಾರವು ಅಧಿಸೂಚನೆಯ ಮೂಲಕ ತನ್ನ ಸಂಸ್ಥೆಗಳಿಗೆ ಭದ್ರತೆಯ ಕಾರಣ ಕೊಟ್ಟು ವಿನಾಯಿತಿ ನೀಡಿಕೊಳ್ಳಬಹುದು ಎಂಬ ದೊಡ್ಡ ಕಿಂಡಿಯೂ ಅದರಲ್ಲಿದೆ. ಆದರೂ ನಿಮಗೆ ಬೇಕಾದ ಎರಡು ಮಾತುಗಳು ಅಲ್ಲಿವೆ. ಒಪ್ಪಿಗೆ ಎಂಬುದು ಮುಕ್ತವಾಗಿರಬೇಕು, ಯಾವುದಕ್ಕೆ ಎಂದು ತಿಳಿದು ಕೊಟ್ಟಿರಬೇಕು. ಕಡ್ಡಾಯ ಎಂದು ಸುಳ್ಳು ಹೇಳಿ ಪಡೆದದ್ದು ಒಪ್ಪಿಗೆಯಲ್ಲ. ಇನ್ನೊಂದು, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ತನಗೆ ಬೇಕಾದುದರಲ್ಲಿ ಓದುವ ಆಯ್ಕೆ ಜನರಿಗಿರಬೇಕು. ಕನ್ನಡವೂ ತೆಲುಗೂ ಆ ಪಟ್ಟಿಯಲ್ಲಿವೆ. ತಾಯಿಯವರು ಏಜೆಂಟರ ಅಂಗಡಿಯಲ್ಲಿ ಇಂಗ್ಲಿಷ್ ಪರದೆಯ ಮುಂದೆ ಮುಖ ಹಿಡಿದು ನಿಂತರೆ, ಅವರು ಏನನ್ನು ಒಪ್ಪಿದರೆಂದು ಅವರಿಗೇ ತಿಳಿಯುವುದಿಲ್ಲ.

ಅಣ್ಣನವರ "ತಪ್ಪು ಮಾಡದವನಿಗೆ ಯಾವ ಭಯ" ಎಂಬ ಮಾತು ನನ್ನ ಕಚೇರಿಯಲ್ಲಿ ವಾರಕ್ಕೊಮ್ಮೆ ಕೇಳಿಬರುತ್ತದೆ. ಹೇಳುವವರು ಸಾಮಾನ್ಯವಾಗಿ ಕಳೆದುಹೋದ ಜೆರಾಕ್ಸಿನಿಂದ ಯಾರೋ ಸಿಮ್ ಪಡೆದು, ಪೊಲೀಸ್ ಠಾಣೆಯಿಂದ ಕರೆ ಬಂದಮೇಲೆ ನನ್ನ ಬಳಿ ಬಂದವರ ನೆಂಟರೇ ಆಗಿರುತ್ತಾರೆ.

ಉತ್ತರ: ಹಳೆಯ ಕಾವಲುಗಾರ, ಚಿಂತಾಮಣಿ

ವಕೀಲ ಮೇಡಂ ಅವರಿಗೆ ಒಂದು ತಿದ್ದುಪಡಿ ಸೂಚಿಸಬಹುದೇ? ಐದು ವರ್ಷ ಇಟ್ಟುಕೊಳ್ಳುವುದೆಲ್ಲ ವ್ಯರ್ಥವೆಂದು ಜನ ತಿಳಿಯಬಾರದು. ಒಬ್ಬ ಕಳ್ಳಸಾಗಣೆದಾರ ಸಿಕ್ಕಿಬಿದ್ದಾಗ ಅವನು ಹಿಂದೆ ಯಾರೊಂದಿಗೆ, ಎಷ್ಟು ಸಲ ಹೋಗಿಬಂದ ಎಂಬ ಹಳೆಯ ಲೆಕ್ಕವೇ ಬಾಲ ಹಿಡಿದು ತಲೆಯವರೆಗೆ ಹೋಗಲು ದಾರಿ. ಕನಿಷ್ಕದ ತನಿಖೆಯೇ ಎಷ್ಟು ವರ್ಷ ಎಳೆಯಿತೆಂದು ನಿಮಗೆ ಗೊತ್ತು. ಯಾರು ತೆರೆದರು, ಯಾವಾಗ ತೆರೆದರು, ಯಾಕೆ ತೆರೆದರು ಎಂಬುದಕ್ಕೂ ಒಂದು ಲೆಕ್ಕವಿರಬೇಕು ಎಂದರೆ ಒಪ್ಪುತ್ತೇನೆ. ನಮ್ಮ ಕಾಲದಲ್ಲಿ ಬಂದೂಕು ಕೊಠಡಿಯ ಬೀಗ ತೆಗೆದರೆ ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ಜನರ ಮಾಹಿತಿಗೂ ಅಷ್ಟು ಮರ್ಯಾದೆ ಇರಲಿ.

ಉತ್ತರ: ಉತ್ತರ ಪಿನಾಕಿನಿ, ಗೌರಿಬಿದನೂರು

ಸರ್, ಆ ಸಹಿ ಪುಸ್ತಕ ಇದ್ದರೆ ಐದು ವರ್ಷದ ಬಗ್ಗೆ ನನ್ನ ತಕರಾರು ಅರ್ಧಕ್ಕಿಳಿಯುತ್ತದೆ. ಆದರೆ ಆ ಪುಸ್ತಕವನ್ನು ಬೀಗದ ಕೈ ಇಟ್ಟುಕೊಂಡವರಲ್ಲದೆ ಹೊರಗಿನವರೊಬ್ಬರು ನೋಡುವಂತಿರಬೇಕು.

ರೇಷ್ಮೆಗೂಡು, ಶಿಡ್ಲಘಟ್ಟ

ಎಲ್ಲರಿಗೂ ತುಂಬಾ ಧನ್ಯವಾದ. ನೀವು ಬರೆದದ್ದನ್ನೆಲ್ಲ ಅಣ್ಣನಿಗೆ ಓದಿ ಹೇಳಿದೆ; ಕನಿಷ್ಕದ ಸೂಟ್‌ಕೇಸಿನ ವಿಷಯ ಬಂದಾಗ "ನೋಡಿದೆಯಾ" ಎಂದ, ಸ್ಕ್ಯಾನರ್ ವಿಷಯ ಬಂದಾಗ ಸುಮ್ಮನಾದ. ತಾಯಿಯ ಮತದಾರರ ಚೀಟಿಯನ್ನೂ ಟಿಕೆಟನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇನಿಷಿಯಲ್ ನಿಜಕ್ಕೂ ಹಿಂದುಮುಂದಾಗಿತ್ತು, ಅದನ್ನು ಸರಿಮಾಡಿಸಿದ್ದೇವೆ. ಗಾಲಿಕುರ್ಚಿ ಬರೆಸಿದೆ. ನಾನು ಡಿಜಿಯಾತ್ರಾವನ್ನು ನನ್ನ ಫೋನಿನಲ್ಲಿ ಹಾಕಿಕೊಳ್ಳಬಹುದಿತ್ತು, ಆದರೆ ತಾಯಿಯ ಜೊತೆಗೇ ನಿಲ್ಲಬೇಕಾದ್ದರಿಂದ ನನಗೂ ಹಳೆಯ ಸಾಲೇ ಸಾಕು.

ನಿನ್ನೆ ಸಂಜೆ ಏಜೆಂಟರ ಅಂಗಡಿಗೆ ಹೋಗಿ, ಡಿಜಿಯಾತ್ರಾ ಕಡ್ಡಾಯವಲ್ಲವಂತೆ, ನಮ್ಮ ಮನೆಯ ಮೂವರದನ್ನು ಮಾಡಬೇಡಿ ಎಂದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ, "ನನಗೂ ಕೆಲಸ ಕಡಿಮೆಯಾಯಿತು ಬಿಡಮ್ಮ" ಎಂದರು. ಹಾಗಾದರೆ ಗುಂಪಿಗೆ ಹಾಕಿದ ಆಧಾರ್ ಫೋಟೊಗಳನ್ನೂ ಅಳಿಸಿಬಿಡಿ ಎಂದು ಕೇಳಿದೆ. ನನ್ನೆದುರೇ ಅಳಿಸಿದರು. ಆಮೇಲೆ, ಕಾಶಿಯ ಛತ್ರದ ಕೋಣೆಗಳಿಗೆಂದು ಅಲ್ಲಿಯ ಏಜೆಂಟರಿಗೆ ಆ 22 ಕಾರ್ಡುಗಳನ್ನೂ ಹೋದ ವಾರವೇ ಕಳಿಸಿಯಾಗಿದೆ, ಅವರು ದೋಣಿಯವನಿಗೂ ಕಾರಿನವನಿಗೂ ಕಳಿಸಿರುತ್ತಾರೆ ಎಂದು ಹೇಳಿದರು. ಅದರಲ್ಲಿ ತಪ್ಪಿದೆ ಎಂದು ಅವರಿಗೆ ಅನಿಸಿರಲಿಲ್ಲ. ವಿಮಾನ ನಿಲ್ದಾಣದ ಕ್ಯಾಮೆರಾಗೆ ನಾನು ಇಷ್ಟು ದಿನ ಹೆದರುತ್ತಿದ್ದೆ. ತಾಯಿಯ ಕಾರ್ಡು ಅವರಿಗಿಂತ ಮೊದಲೇ ಗಂಗೆಯ ದಡ ಸೇರಿದೆ.

ಆಧಾರಿನ ಬೆರಳಚ್ಚನ್ನು ಆಪ್‌ನಲ್ಲಿ ಲಾಕ್ ಮಾಡಬಹುದೆಂದು ತಿಳಿದು ರಾತ್ರಿಯೇ ಮಾಡಿದೆ. ಉಳಿದ 19 ಮಂದಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೇನೆ.

ಉತ್ತರ: ರಾತ್ರಿಪಾಳಿ, ಚಿಕ್ಕಬಳ್ಳಾಪುರ

ಅಕ್ಕ, ಅದೇ ವಾಟ್ಸಾಪ್ ಗುಂಪಿನಲ್ಲಿ ಹೇಳಿ. ಆದರೆ ಲಾಕ್ ಮಾಡುವುದು ಹೇಗೆಂದು ತೋರಿಸಲು ತಾಯಿಯ ಕಾರ್ಡಿನ ಪರದೆಯ ಚಿತ್ರ ಮಾತ್ರ ಹಾಕಬೇಡಿ. ನೀವು ಹೊರಡುವ ದಿನ ನನ್ನದು ಬೆಳಗಿನ ಪಾಳಿಯಾದರೆ ನಿಮ್ಮ ಚೀಲಗಳು ನನ್ನ ಕೈ ಮೇಲೆಯೇ ಹೋಗುತ್ತವೆ. ಕೊಬ್ಬರಿ ಇಟ್ಟಿಲ್ಲ ತಾನೇ?